ಹಳೆಯ ರಿಬ್ಬನ್ ಸ್ಪೀಕರಿನ ಕ್ರಾಸ್‌ಓವರ್: ಕಿವಿಯಿಂದ ತಿದ್ದುವ ಕ್ರಮ

ಮೂರು ಪ್ಯಾನೆಲ್ ಇರುವ ರಿಬ್ಬನ್ ಸ್ಪೀಕರಿನಲ್ಲಿ ಒಬ್ಬ ಗಾಯಕಿಯ ದನಿ ಮೂರು ಪಾಲಾಗುತ್ತದೆ. ದನಿಯ ತಳಭಾಗ ಅಗಲವಾದ ಬಾಸ್ ಪ್ಯಾನೆಲಿಗೆ ಹೋಗುತ್ತದೆ. ನಡುಭಾಗ ಪಕ್ಕದ ಪಟ್ಟಿಗೆ ಹೋಗುತ್ತದೆ. 'ಸ', 'ಶ'ಗಳಂಥ ಸದ್ದು ಕೂದಲಿಗಿಂತ ತೆಳುವಾದ ಅಲ್ಯೂಮಿನಿಯಂ ರಿಬ್ಬನ್ನಿಗೆ ಹೋಗುತ್ತದೆ. ಈ ಪಾಲು ಮಾಡುವ ಕೆಲಸ ಕ್ರಾಸ್‌ಓವರ್‌ನದು. ಅದು ಸರಿಯಿದ್ದರೆ ಎದುರಿಗೆ ಒಬ್ಬರೇ ನಿಂತು ಹಾಡುತ್ತಿದ್ದಾರೆ ಅನ್ನಿಸುತ್ತದೆ. ತಪ್ಪಿದರೆ ಎದೆಯ ದನಿ ಒಂದು ಕಡೆ, ತುಟಿಯ ಸದ್ದು ಇನ್ನೊಂದು ಕಡೆ. ಕಿವಿಯಿಂದ ಕ್ರಾಸ್‌ಓವರ್ ತಿದ್ದುವುದು ಅಂದರೆ ನಮಗೆ ಇಷ್ಟವಾಗುವ ಬಣ್ಣ ಬಳಿಯುವುದಲ್ಲ. ಪಾಲಾದ ದನಿಯನ್ನು ಮತ್ತೆ ಒಂದು ಮಾಡುವುದು. ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಉಳಿದ ಹೆಜ್ಜೆಗಳು ಸುಲಭ.

ಇಲ್ಲಿ ಮಾತಾಡುತ್ತಿರುವುದು ಮುಖ್ಯವಾಗಿ ಹಳೆಯ ಮ್ಯಾಗ್ನೆಪ್ಲಾನರ್ ಮತ್ತು ಅಪೋಜಿ ಸ್ಪೀಕರುಗಳ ಬಗ್ಗೆ. ಮ್ಯಾಗ್ನೆಪ್ಲಾನರ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಮಿನೆಸೋಟಾದಲ್ಲಿ. 3ಎಂ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಜಿಮ್ ವೈನಿ ಮೈಲಾರ್ ಅನ್ನುವ ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ತಂತಿ ಅಂಟಿಸಿ, ಅದರ ಹಿಂದೆ ಅಯಸ್ಕಾಂತದ ಪಟ್ಟಿಗಳನ್ನು ಇಟ್ಟರು. ಮುಂದೆ ಅವರ ದೊಡ್ಡ ಮಾದರಿಗಳಿಗೆ ಟ್ವೀಟರ್ (ತೀರಾ ಮೇಲಿನ ಸದ್ದುಗಳನ್ನು ಹಾಡುವ ಭಾಗ) ಜಾಗದಲ್ಲಿ ನಿಜವಾದ ರಿಬ್ಬನ್ ಬಂತು. ಅಪೋಜಿಯವರು 1980ರ ದಶಕದಲ್ಲಿ ಬಾಸ್‌ಗೂ ಅಲ್ಯೂಮಿನಿಯಂ ರಿಬ್ಬನ್ನನ್ನೇ ಬಳಸಿದರು.

ಮನೆಯಲ್ಲಿ ಕೂತು ತಿದ್ದುವವರಿಗೆ ಈ ಸ್ಪೀಕರುಗಳಲ್ಲಿ ಒಂದು ದೊಡ್ಡ ಅನುಕೂಲ ಇದೆ. ಸಾಧಾರಣ ಕೋನ್ ಸ್ಪೀಕರಿನ ಇಂಪೀಡೆನ್ಸ್, ಅಂದರೆ ಅದು ಕರೆಂಟಿಗೆ ಒಡ್ಡುವ ತಡೆ, ಆವರ್ತನ ಬದಲಾದ ಹಾಗೆ ಏರಿಳಿಯುತ್ತದೆ. ಹಾಗಾಗಿ ಪುಸ್ತಕದ ಸೂತ್ರ ಅಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ರಿಬ್ಬನ್ ಮತ್ತು ಪ್ಲಾನರ್ ಪ್ಯಾನೆಲ್ ಹೆಚ್ಚುಕಡಿಮೆ ಬರೀ ರೆಸಿಸ್ಟರ್ ಇದ್ದ ಹಾಗೆ, ಎಲ್ಲ ಆವರ್ತನಕ್ಕೂ ತಡೆ ಒಂದೇ. ಮಲ್ಟಿಮೀಟರಿನಲ್ಲಿ ಅಳೆದ ಓಮ್ ಹಿಡಿದು ಲೆಕ್ಕ ಹಾಕಿದರೆ ಉತ್ತರ ನಿಜಕ್ಕೆ ತುಂಬಾ ಹತ್ತಿರ ಬರುತ್ತದೆ.

ಮೊದಲು ಪ್ಯಾನೆಲ್ ಸರಿಯಿದೆಯೇ ನೋಡಿ

ಕೆಟ್ಟ ಪ್ಯಾನೆಲನ್ನು ಕ್ರಾಸ್‌ಓವರ್‌ನಿಂದ ಸರಿ ಮಾಡಲು ಆಗುವುದಿಲ್ಲ. ಹಳೆಯ ಮ್ಯಾಗ್ನೆಪ್ಲಾನರಿನಲ್ಲಿ ಅಂಟು ಸೋತು ತಂತಿ ಮೈಲಾರಿನಿಂದ ಏಳುತ್ತದೆ. ಹಳೆಯ ಅಪೋಜಿಯಲ್ಲಿ ಬಾಸ್ ರಿಬ್ಬನ್ನಿನ ಅಂಚಿನ ಫೋಮ್ ಪುಡಿಯಾಗುತ್ತದೆ. ಎರಡೂ ಕಡೆ ಸಿಗುವ ಸುಳಿವು ಒಂದೇ: ಕೆಲವು ಸ್ವರಗಳಿಗೆ ಮಾತ್ರ ಝರ್ ಅನ್ನುವ ಸದ್ದು. ಫೋನಿನ ಟೋನ್ ಜನರೇಟರ್ ಆ್ಯಪ್ ಹಾಕಿ, ದನಿ ಸಣ್ಣಗಿಟ್ಟು, 40 ಹರ್ಟ್ಜ್‌ನಿಂದ 1000 ಹರ್ಟ್ಜ್‌ವರೆಗೆ ನಿಧಾನವಾಗಿ ಏರಿಸಿ. ಎಲ್ಲಾದರೂ ಝರ್ ಅಂದರೆ ಮೊದಲು ಆ ರಿಪೇರಿ ಆಗಲಿ.

ಆಮೇಲೆ ಪ್ರತಿ ಪ್ಯಾನೆಲಿನ ತಂತಿ ಬಿಚ್ಚಿ ಓಮ್ ಅಳೆಯಿರಿ. ಮಲ್ಟಿಮೀಟರಿನ ಎರಡು ತುದಿ ಒಂದಕ್ಕೊಂದು ಮುಟ್ಟಿಸಿದಾಗಲೂ 0.2 ಅಥವಾ 0.3 ಓಮ್ ತೋರಿಸುತ್ತದೆ, ಅಲ್ವಾ? ಅದನ್ನು ಕಳೆಯಬೇಕು. ಎಡ ಮತ್ತು ಬಲ ಸ್ಪೀಕರಿನ ಅಳತೆ ಹೆಚ್ಚುಕಡಿಮೆ ಒಂದೇ ಇರಬೇಕು. ತಂತಿ ಬಿಚ್ಚುವ ಮುಂಚೆ ಯಾವ ಬಣ್ಣದ್ದು ಎಲ್ಲಿತ್ತು ಅಂತ ಫೋಟೋ ತೆಗೆದಿಡಿ. ಕೆಲವು ವಿನ್ಯಾಸಗಳಲ್ಲಿ ಒಂದು ಪ್ಯಾನೆಲಿನ ಪ್ಲಸ್ ಮೈನಸ್ ಬೇಕೆಂದೇ ತಿರುಗಿಸಿ ಜೋಡಿಸಿರುತ್ತಾರೆ. ಅದನ್ನು ತಪ್ಪು ಅಂದುಕೊಂಡು ನೀವು 'ಸರಿ' ಮಾಡಬಾರದು.

ಫ್ಯೂಸ್ ಹೋಲ್ಡರಿನ ಹಿತ್ತಾಳೆ ಕಪ್ಪಾಗಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಫ್ಯೂಸ್ ತೆಗೆದು ತಂತಿ ಸುತ್ತುವ ಕೆಲಸ ಮಾತ್ರ ಬೇಡ. ಎಡವಟ್ಟಾದಾಗ ರಿಬ್ಬನ್ನನ್ನು ಉಳಿಸುವುದು ಫ್ಯೂಸ್ ಒಂದೇ.

ಕೆಲಸ ಮಾಡುವಾಗ ಮೂರು ಎಚ್ಚರಿಕೆ. ಆಂಪ್ಲಿಫೈಯರ್ ಆಫ್ ಇರಬೇಕು. ರಿಬ್ಬನ್ ಕಡೆ ಬಾಯಿಂದ ಊದಬಾರದು, ವ್ಯಾಕ್ಯೂಮ್ ಕ್ಲೀನರ್ ತರಲೇಬಾರದು. ಸ್ಕ್ರೂಡ್ರೈವರನ್ನು ದೂರ ಇಡಬೇಕು. ಅಯಸ್ಕಾಂತ ಅದನ್ನು ಕೈಯಿಂದ ಕಿತ್ತುಕೊಂಡರೆ ಅದು ನೇರ ಹೋಗಿ ಬೀಳುವುದು ರಿಬ್ಬನ್ ಮೇಲೆ.

ಗೋಡೆಯ ತಪ್ಪನ್ನು ಕ್ರಾಸ್‌ಓವರ್ ಮೇಲೆ ಹೊರಿಸಬೇಡಿ

ಈ ಸ್ಪೀಕರುಗಳು ಮುಂದಕ್ಕೂ ಹಿಂದಕ್ಕೂ ಒಂದೇ ಸಮ ಹಾಡುತ್ತವೆ. ಹಿಂದಿನ ಅಲೆ ಮುಂದಿನದಕ್ಕೆ ತದ್ವಿರುದ್ಧ. ಅದು ಗೋಡೆಗೆ ಬಡಿದು ವಾಪಸು ಬಂದಾಗ ಮುಂದಿನ ಅಲೆಯ ಜೊತೆ ಸೇರುತ್ತದೆ, ಇಲ್ಲವೇ ಅದನ್ನು ಅಳಿಸುತ್ತದೆ. ಸ್ಪೀಕರ್ ಗೋಡೆಯಿಂದ 1 ಮೀಟರ್ ದೂರ ಇದ್ದರೆ ಸುಮಾರು 86 ಹರ್ಟ್ಜ್‌ನಲ್ಲಿ ಉಬ್ಬು, 172 ಹರ್ಟ್ಜ್‌ನಲ್ಲಿ ತಗ್ಗು. ಮ್ಯಾಗ್ನೆಪ್ಲಾನರ್ ಎಂಜಿ 3.6 ಮಾದರಿಯಲ್ಲಿ ಬಾಸ್ ಮತ್ತು ನಡುಪಟ್ಟಿ ಸೇರುವುದು 200 ಹರ್ಟ್ಜ್‌ನಲ್ಲಿ. ಅಂದರೆ ಗೋಡೆಯ ತಗ್ಗು ಬಂದು ಕೂರುವುದು ಕ್ರಾಸ್‌ಓವರಿನ ಪಕ್ಕದಲ್ಲೇ. ದನಿ ಬಡಕಲಾಗಿದೆ ಅಂತ ಕ್ರಾಸ್‌ಓವರಿನ ಕಾಯಿಲ್ (ಮೇಲಿನ ಆವರ್ತನಗಳನ್ನು ತಡೆಯುವ ತಂತಿಯ ಸುರುಳಿ) ಬದಲಿಸಲು ಹೊರಟವರು ಮೊದಲು ಸ್ಪೀಕರನ್ನು ಒಂದು ಗೇಣು ಮುಂದಕ್ಕೆ ತಂದು ಕೇಳಬೇಕು. ದೋಷದ ಜಾಗ ಬದಲಾದರೆ ಅದು ಗೋಡೆಯದು. ಸ್ಪೀಕರ್ ಎಲ್ಲಿಟ್ಟರೂ ಅದೇ ದೋಷ ಅದೇ ಸ್ವರದಲ್ಲಿ ಕೇಳಿದರೆ ಮಾತ್ರ ಕ್ರಾಸ್‌ಓವರ್ ಪೆಟ್ಟಿಗೆ ಬಿಚ್ಚಿ.

ಕನಿಷ್ಠ 3 ಅಡಿ ದೂರ ಬೇಕು. 4 ಅಡಿ ಸಿಕ್ಕರೆ ಇನ್ನೂ ಒಳ್ಳೆಯದು. ಜಾಗ ಗೊತ್ತಾದ ಮೇಲೆ ನೆಲದ ಮೇಲೆ ಟೇಪ್ ಅಂಟಿಸಿ. ಇಡೀ ಕೆಲಸ ಮುಗಿಯುವ ತನಕ ಸ್ಪೀಕರ್ ಆ ಗೆರೆ ಬಿಟ್ಟು ಅಲುಗಬಾರದು.

ಇದ್ದದ್ದನ್ನು ಮೊದಲು ಇದ್ದ ಹಾಗೆ ತನ್ನಿ

ಹಳೆಯ ಕ್ರಾಸ್‌ಓವರುಗಳಲ್ಲಿ ದೊಡ್ಡ ಬೆಲೆಗಳಿಗೆ ಬೈಪೋಲಾರ್ (ಪ್ಲಸ್ ಮೈನಸ್ ಭೇದವಿಲ್ಲದ) ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಹಾಕಿರುತ್ತಿದ್ದರು. ಕೆಪಾಸಿಟರ್ ಅಂದರೆ ಕೆಳಗಿನ ಆವರ್ತನಗಳನ್ನು ತಡೆಯುವ ಭಾಗ. ಬೆಲೆ ಅಂದರೆ ಇಲ್ಲಿ ದುಡ್ಡಲ್ಲ, ಭಾಗದ ಮೈಕ್ರೊಫ್ಯಾರಡ್ ಅಥವಾ ಮಿಲಿಹೆನ್ರಿ ಅಳತೆ. ಮೂವತ್ತು ನಲವತ್ತು ವರ್ಷ ಕಳೆದರೆ ಅವುಗಳ ಬೆಲೆ ಆಚೀಚೆ ಆಗುತ್ತದೆ, ಒಳಗಿನ ರೆಸಿಸ್ಟೆನ್ಸ್ ಏರುತ್ತದೆ. ಕಾಯಿಲ್, ಕೆಪಾಸಿಟರ್, ರೆಸಿಸ್ಟರ್ ಅಳೆಯುವ ಸಣ್ಣ ಎಲ್‌ಸಿಆರ್ ಮೀಟರ್ ಒಂದಿದ್ದರೆ ಎರಡನ್ನೂ ಅಳೆಯಬಹುದು. ಕೆಪಾಸಿಟರಿನ ಒಂದು ಕಾಲನ್ನಾದರೂ ಬಿಚ್ಚಿಯೇ ಅಳೆಯಬೇಕು.

ಬದಲಿಗೆ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಹಾಕುವುದು ಸರಿಯಾದ ದಾರಿ. ಆದರೆ ಹೀಗೆ ಬದಲಿಸಿದ ಹಲವರು ಸ್ಪೀಕರ್ ಚುಚ್ಚುತ್ತಿದೆ ಅಂತ ದೂರುತ್ತಾರೆ. ಕಾರಣ ಸರಳ. ಹೊಸ ಎಲೆಕ್ಟ್ರೊಲಿಟಿಕ್‌ನಲ್ಲಿ ಸಹ ಅಷ್ಟಿಷ್ಟು ರೆಸಿಸ್ಟೆನ್ಸ್ ಇದ್ದೇ ಇರುತ್ತದೆ. ವಿನ್ಯಾಸ ಮಾಡಿದವರು ಅದನ್ನೂ ಸೇರಿಸಿಯೇ ಕಿವಿಗೊಟ್ಟು ಕೇಳಿರುತ್ತಾರೆ. ಫಿಲ್ಮ್ ಕೆಪಾಸಿಟರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಫಿಲ್ಮ್ ಕೆಪಾಸಿಟರಿನ ಜೊತೆ ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದು ಬರುವ ಹಾಗೆ, 0.25 ಓಮ್ ರೆಸಿಸ್ಟರ್ ಹಾಕಿ ಶುರು ಮಾಡಿ. ಬೇಡವಾದರೆ ಆಮೇಲೆ ತೆಗೆದರಾಯಿತು.

ಕಾಯಿಲ್ ವಿಷಯವೂ ಇದೇ. 4 ಓಮ್ ಬಾಸ್ ಪ್ಯಾನೆಲಿಗೆ ಹೋಗುವ ಹಳೆಯ ಕಾಯಿಲಿನ ತಂತಿಯ ರೆಸಿಸ್ಟೆನ್ಸ್ 0.5 ಓಮ್ ಇತ್ತು ಅನ್ನಿ. ದಪ್ಪ ತಂತಿಯ ಹೊಸ ಕಾಯಿಲಿನದು 0.2 ಓಮ್. ಬಾಸ್ 0.6 ಡೆಸಿಬೆಲ್ ಏರಿತು. ಕೇಳಲು ಸಣ್ಣ ಅಂಕಿ. ಆದರೆ ಇಡೀ ಬಾಸ್ ಅಷ್ಟು ಮೇಲೆದ್ದರೆ ದನಿಯ ತೂಕವೇ ಬದಲಾಗುತ್ತದೆ. ದುಬಾರಿ ಕಾಯಿಲ್ ಹಾಕಿದೆ, ಬಾಸ್ ಚೆನ್ನಾಗಾಯಿತು ಅನ್ನುವ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ ಲೆಕ್ಕ.

ಎರಡು ಲೆಕ್ಕ

ಸರಣಿಯಲ್ಲಿರುವ ಒಂದು ಕೆಪಾಸಿಟರ್ ಟ್ವೀಟರನ್ನು ಎಲ್ಲಿಂದ ಶುರು ಮಾಡಿಸುತ್ತದೆ ಅಂತ ತಿಳಿಯಲು 1,59,155ನ್ನು ಓಮ್ ಮತ್ತು ಮೈಕ್ರೊಫ್ಯಾರಡ್‌ಗಳ ಗುಣಲಬ್ಧದಿಂದ ಭಾಗಿಸಿ. 4 ಓಮ್, 23.4 ಮೈಕ್ರೊಫ್ಯಾರಡ್ ಇದ್ದರೆ 1700 ಹರ್ಟ್ಜ್. ಸರಣಿಯಲ್ಲಿರುವ ಒಂದು ಕಾಯಿಲ್ ಬಾಸನ್ನು ಎಲ್ಲಿ ನಿಲ್ಲಿಸುತ್ತದೆ ಅಂತ ತಿಳಿಯಲು 159ನ್ನು ಓಮ್‌ನಿಂದ ಗುಣಿಸಿ, ಮಿಲಿಹೆನ್ರಿಯಿಂದ ಭಾಗಿಸಿ. 4 ಓಮ್, 3.18 ಮಿಲಿಹೆನ್ರಿಗೆ 200 ಹರ್ಟ್ಜ್.

ನಿಮ್ಮ ಸ್ಪೀಕರಿನಲ್ಲಿ ಕೆಪಾಸಿಟರ್ ಕಾಯಿಲ್ ಎರಡೂ ಸೇರಿದ, 12 ಡೆಸಿಬೆಲ್ ಇಳಿಜಾರಿನ (ಆವರ್ತನ ಒಂದು ಪಟ್ಟು ಆಚೆ ಹೋದಾಗ ಸದ್ದು 12 ಡೆಸಿಬೆಲ್ ಇಳಿಯುವ) ಜೋಡಣೆ ಇರಬಹುದು. ಆಗ ಈ ಅಂಕಿಗಳು ದಿಕ್ಕು ತೋರಿಸುತ್ತವೆ, ಊರು ತಲುಪಿಸುವುದಿಲ್ಲ. ಅಂಥ ಕಡೆ ಪ್ಯಾನೆಲಿಗೆ ಅಡ್ಡಲಾಗಿ, ಅದರ ಪ್ಲಸ್ ಮೈನಸ್ ನಡುವೆ ಕೂತ ಭಾಗವನ್ನು ಮುಟ್ಟಬೇಡಿ. ಸರಣಿಯಲ್ಲಿರುವುದನ್ನು ಮಾತ್ರ ಸ್ವಲ್ಪ ಸ್ವಲ್ಪ ಬದಲಿಸಿ. ಪ್ಯಾನೆಲುಗಳನ್ನೇ ಒಂದರ ಹಿಂದೆ ಒಂದು ಸರಣಿಯಲ್ಲಿ ಜೋಡಿಸಿದ ಕ್ರಾಸ್‌ಓವರ್ ಆಗಿದ್ದರೆ ಈ ಲೇಖನದ ಕ್ರಮ ನಡೆಯುವುದಿಲ್ಲ. ಅಲ್ಲಿ ಒಂದನ್ನು ಮುಟ್ಟಿದರೆ ಎಲ್ಲವೂ ಅಲುಗುತ್ತದೆ.

ಪ್ರಯೋಗದ ಸಾಮಾನು

ದುಬಾರಿ ಆಡಿಯೋ ಕೆಪಾಸಿಟರುಗಳನ್ನು ಮೊದಲೇ ತರಿಸಬೇಡಿ. ಯಾವ ಬೆಲೆ ಬೇಕು ಅಂತಲೇ ಇನ್ನೂ ಗೊತ್ತಿಲ್ಲವಲ್ಲ. ನಮ್ಮ ಊರಿನ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲಾದರೂ ಸಿಗುವ ಫ್ಯಾನ್ ಕೆಪಾಸಿಟರ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. 2.5 ಅಥವಾ 3.15 ಮೈಕ್ರೊಫ್ಯಾರಡ್, 440 ವೋಲ್ಟ್, ಒಳಗಿರುವುದು ಮೆಟಲೈಸ್ಡ್ ಪಾಲಿಪ್ರೊಪಿಲೀನ್. ಪಂಪ್‌ಸೆಟ್‌ನ ರನ್ ಕೆಪಾಸಿಟರುಗಳಲ್ಲಿ ದೊಡ್ಡ ಬೆಲೆ ಸಿಗುತ್ತದೆ. ಸ್ಟಾರ್ಟ್ ಕೆಪಾಸಿಟರ್ ತರಬೇಡಿ, ಅದು ಎಲೆಕ್ಟ್ರೊಲಿಟಿಕ್. ಜೊತೆಗೆ 0.47 ಮತ್ತು 1 ಮೈಕ್ರೊಫ್ಯಾರಡ್‌ನ ಸಣ್ಣ ಫಿಲ್ಮ್ ಕೆಪಾಸಿಟರುಗಳು ಇರಲಿ. ಪಕ್ಕಪಕ್ಕ ಜೋಡಿಸಿದರೆ ಬೆಲೆಗಳು ಕೂಡುತ್ತವೆ. ಕೆಪಾಸಿಟರಿನ ಮೇಲೆ ಅಚ್ಚಾದ ಅಂಕಿ ನಂಬದೆ ಒಂದೊಂದನ್ನೂ ಅಳೆದು, ಮಾರ್ಕರಿನಲ್ಲಿ ಅದರ ಮೇಲೆ ಬರೆಯಿರಿ.

ರೆಸಿಸ್ಟರ್ 10 ವಾಟ್ ಅಥವಾ ಅದಕ್ಕಿಂತ ಹೆಚ್ಚಿನದು ಬೇಕು. 1 ಓಮ್‌ನ ಎಂಟು ತಂದರೆ ಎಲ್ಲ ಹೆಜ್ಜೆಗಳೂ ಸಿಗುತ್ತವೆ: ಪಕ್ಕಪಕ್ಕ ಎರಡಿಟ್ಟರೆ 0.5, ನಾಲ್ಕಿಟ್ಟರೆ 0.25. ಬೆಂಗಳೂರಿನವರಿಗೆ ಇವೆಲ್ಲ ಎಸ್‌ಪಿ ರೋಡಿನಲ್ಲಿ ಒಂದೇ ಸುತ್ತಿಗೆ ಸಿಗುತ್ತವೆ. ಕಾಯಿಲಿಗೆ ಎನಾಮಲ್ ತಾಮ್ರದ ತಂತಿ ಬೇಕಾದರೆ ಮೋಟರ್ ವೈಂಡಿಂಗ್ ಮಾಡುವವರು ತೂಕ ಹಾಕಿ ಕೊಡುತ್ತಾರೆ.

ಮೊಸಳೆ ಬಾಯಿ ಕ್ಲಿಪ್ಪುಗಳ ಬಗ್ಗೆ ಒಂದು ಮಾತು. ಅಗ್ಗದ ಕ್ಲಿಪ್ ವೈರಿನಲ್ಲೇ 0.1 ಓಮ್ ಅಥವಾ ಅದಕ್ಕೂ ಜಾಸ್ತಿ ರೆಸಿಸ್ಟೆನ್ಸ್ ಇರಬಹುದು. ನಾವು 0.25 ಓಮ್‌ನ ವ್ಯತ್ಯಾಸ ಕೇಳಲು ಹೊರಟಾಗ ಇದು ದೊಡ್ಡ ಗೊಂದಲ. ಎಲೆಕ್ಟ್ರಿಷಿಯನ್ನರು ಬಳಸುವ ಸ್ಕ್ರೂ ಇರುವ ಕನೆಕ್ಟರ್ ಪಟ್ಟಿ ಮತ್ತು ದಪ್ಪ ತಂತಿ ಬಳಸಿ. ಕೆಪಾಸಿಟರ್ ಇಲ್ಲದೆ ರಿಬ್ಬನ್ನನ್ನು ಒಂದು ಕ್ಷಣವೂ ಆಂಪ್ಲಿಫೈಯರಿಗೆ ನೇರ ಜೋಡಿಸಬೇಡಿ. ಪ್ರತಿ ಬದಲಾವಣೆಗೂ ಆಂಪ್ಲಿಫೈಯರ್ ಆಫ್ ಮಾಡಿ.

'ಸ' ಮತ್ತು 'ಶ': ಟ್ವೀಟರನ್ನು ಕೂರಿಸುವ ಕ್ರಮ

ಮನೆಯವರೊಬ್ಬರ ಮಾತನ್ನು ಒಂದು ಒಳ್ಳೆಯ ರೆಕಾರ್ಡರಿನಲ್ಲಿ, ಎರಡು ಅಡಿ ದೂರದಿಂದ, ಯಾವ ಎಫೆಕ್ಟೂ ಇಲ್ಲದೆ ಹಿಡಿಯಿರಿ. ನಿಮಗೆ ದಿನಾ ಕೇಳುವ ದನಿ ಆಗಿರಬೇಕು. ಸಂಗೀತದ ರೆಕಾರ್ಡಿಂಗ್ ಎಷ್ಟೇ ಚೆನ್ನಾಗಿದ್ದರೂ ಅಸಲು ದನಿ ಹೇಗಿತ್ತು ಅಂತ ನಮಗೆ ಗೊತ್ತಿರುವುದಿಲ್ಲ. ಅಮ್ಮನ ದನಿ ಹೇಗಿದೆ ಅಂತ ಗೊತ್ತು. 'ಸರಸು ಸಂತೆಯಿಂದ ಸೊಪ್ಪು ತಂದಳು', 'ಶಶಿ ಶನಿವಾರ ಶಾಲೆಗೆ ಹೋಗಲಿಲ್ಲ' ಅನ್ನುವಂಥ ವಾಕ್ಯಗಳನ್ನು ಅವರಿಂದ ಹೇಳಿಸಿ.

ಯಾಕೆ ಇವೇ ವಾಕ್ಯಗಳು? 'ಸ'ದ ಸದ್ದಿನ ಬಲ ಇರುವುದು ಸುಮಾರು 5000 ಹರ್ಟ್ಜ್‌ನಿಂದ ಮೇಲೆ. 'ಶ'ದ ಬಲ ಅದಕ್ಕಿಂತ ಕೆಳಗೆ, ಸುಮಾರು 2500ರಿಂದ 4000 ಹರ್ಟ್ಜ್ ಆಸುಪಾಸಿನಲ್ಲಿ. 1700 ಹರ್ಟ್ಜ್‌ನಲ್ಲಿ ಸೇರುವ ಸ್ಪೀಕರಿನಲ್ಲಿ 'ಸ' ಪೂರ್ತಿ ರಿಬ್ಬನ್ನಿನ ಪಾಲು. 'ಶ' ಕೂರುವುದು ಎರಡು ಪ್ಯಾನೆಲುಗಳು ಕೈಬದಲಿಸುವ ಜಾಗಕ್ಕೆ ಹತ್ತಿರ. ನಮ್ಮ ಕೈಯಲ್ಲಿರುವ ಎರಡು ಭಾಗಗಳೂ ಹೀಗೇ ಕೆಲಸ ಹಂಚಿಕೊಂಡಿವೆ. ಸರಣಿ ರೆಸಿಸ್ಟರ್ ಹೆಚ್ಚಾಗಿ ತಗ್ಗಿಸುವುದು ಮೇಲ್ಭಾಗವನ್ನು. ಕ್ರಾಸ್‌ಓವರಿಗಿಂತ ಕೆಳಗೆ ಅದರ ಪರಿಣಾಮ ಕಡಿಮೆಯಾಗುತ್ತಾ ಹೋಗುತ್ತದೆ, ಯಾಕೆಂದರೆ ಅಲ್ಲಿ ಕರೆಂಟನ್ನು ಹಿಡಿದಿಡುವುದು ಕೆಪಾಸಿಟರ್. ಕೆಪಾಸಿಟರಿನ ಬೆಲೆ ಬದಲಿಸಿದರೆ ಕೈಬದಲಿಸುವ ಜಾಗ ಬದಲಾಗುತ್ತದೆ, ತೀರಾ ಮೇಲ್ಭಾಗ ಇದ್ದ ಹಾಗೇ ಇರುತ್ತದೆ.

ಹಾಗಾಗಿ ಕ್ರಮ ಇದು. ಒಂದೇ ಸ್ಪೀಕರ್ ಹಾಡಲಿ, ಇನ್ನೊಂದರ ತಂತಿ ಬಿಚ್ಚಿಡಿ. ದನಿ ಮಾತಾಡುವ ಮಟ್ಟದಲ್ಲಿರಲಿ. ವಾಲ್ಯೂಮ್ ಗುಬುಟನ್ನು ಆಮೇಲೆ ಮುಟ್ಟಬೇಡಿ. ಮೊದಲು 'ಶ' ಕೇಳಿ. 'ಸ' ಹೇಗಿದೆ ಅಂತ ಈಗ ಯೋಚಿಸಬೇಡಿ. 'ಶ' ಬಾಯಿಂದ ಮುಂದಕ್ಕೆ ಹಾರಿ ಬಂದ ಹಾಗಿದ್ದರೆ ಎರಡು ಪ್ಯಾನೆಲುಗಳ ಪಾಲು ಒಂದರ ಮೇಲೊಂದು ಬಿದ್ದಿದೆ. ಕೆಪಾಸಿಟರ್ ಬೆಲೆ ಕಡಿಮೆ ಮಾಡಿ, ಟ್ವೀಟರ್ ಸ್ವಲ್ಪ ತಡವಾಗಿ ಶುರುವಾಗುತ್ತದೆ. 'ಶ' ಹಿಂದಕ್ಕೆ ಸರಿದು, ಮಾತು ಟೊಳ್ಳು ಅನ್ನಿಸಿದರೆ ಬೆಲೆ ಹೆಚ್ಚಿಸಿ. ಒಂದು ಸಲಕ್ಕೆ ಶೇಕಡಾ 5ರಷ್ಟು ಸಾಕು. 20 ಮೈಕ್ರೊಫ್ಯಾರಡ್ ಇರುವ ಕಡೆ 1 ಮೈಕ್ರೊಫ್ಯಾರಡ್.

'ಶ' ಕೂತ ಮೇಲೆ 'ಸ'. ಅದು ಚುಚ್ಚುತ್ತಿದ್ದರೆ ರೆಸಿಸ್ಟರನ್ನು 0.25 ಓಮ್ ಏರಿಸಿ. 4 ಓಮ್ ರಿಬ್ಬನ್ನಿಗೆ ಇದು ಅರ್ಧ ಡೆಸಿಬೆಲ್. 0.5 ಓಮ್ ಹಾಕಿದರೆ 1 ಡೆಸಿಬೆಲ್, 1 ಓಮ್‌ಗೆ ಸುಮಾರು 1.9 ಡೆಸಿಬೆಲ್. ಮ್ಯಾಗ್ನೆಪ್ಲಾನರ್ ಹಿಂಭಾಗದಲ್ಲಿ ಟ್ವೀಟರ್ ರೆಸಿಸ್ಟರ್ ಹಾಕಲೆಂದೇ ಜಾಗ ಕೊಟ್ಟ ಮಾದರಿಗಳಿವೆ. ಅಂಥದ್ದು ನಿಮ್ಮದಾದರೆ ಪೆಟ್ಟಿಗೆ ಬಿಚ್ಚುವ ಕೆಲಸವೂ ಇಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ರೆಸಿಸ್ಟರ್ ಸೇರಿದಾಗ ಕೆಪಾಸಿಟರಿಗೆ ಕಾಣುವ ಒಟ್ಟು ಓಮ್ ಹೆಚ್ಚಾಯಿತು. 4 ಓಮ್‌ಗೆ 1 ಓಮ್ ಸೇರಿಸಿದರೆ, 23.4 ಮೈಕ್ರೊಫ್ಯಾರಡ್ ಹಾಗೇ ಇದ್ದರೂ ಲೆಕ್ಕದ ಆವರ್ತನ 1700ರಿಂದ 1360 ಹರ್ಟ್ಜ್‌ಗೆ ಇಳಿಯುತ್ತದೆ. ಅಂದರೆ ಟ್ವೀಟರ್ ಸಣ್ಣಗಾಯಿತು, ಆದರೆ ಕೆಳಗಿನ ತನ್ನ ಪಾಲನ್ನು ಬಿಟ್ಟುಕೊಡಲಿಲ್ಲ. ಹಳೆಯ ಆವರ್ತನವೇ ಬೇಕಾದರೆ ಕೆಪಾಸಿಟರನ್ನು 18.7ಕ್ಕೆ ಇಳಿಸಬೇಕು. ರೆಸಿಸ್ಟರ್ ಅರ್ಧ ಓಮ್ ದಾಟಿದಾಗಲೆಲ್ಲ ಮತ್ತೆ 'ಶ'ಕ್ಕೆ ಮರಳಿ ಕೇಳಿ. ನನ್ನ ಮಟ್ಟಿಗೆ ಈ ಹಿಂದೆಮುಂದೆ ಓಡಾಟವೇ ಇಡೀ ಕೆಲಸದ ಜೀವ. ರೆಸಿಸ್ಟರ್ ಒಂದನ್ನೇ ಬದಲಿಸಿ ಕೈಬಿಟ್ಟವರ ಸ್ಪೀಕರಿನಲ್ಲಿ ಚುಚ್ಚು ಹೋಗಿರುತ್ತದೆ, ದನಿ ಒಂದಾಗಿರುವುದಿಲ್ಲ.

ಗೊಂದಲವಾದರೆ ಟ್ವೀಟರ್ ಫ್ಯೂಸ್ ತೆಗೆದು ಉಳಿದದ್ದನ್ನು ಮಾತ್ರ ಕೇಳಿ. ಮಾತು ಕಂಬಳಿ ಹೊದ್ದ ಹಾಗಿರುತ್ತದೆ. ಮತ್ತೆ ಫ್ಯೂಸ್ ಹಾಕಿದಾಗ ಕಂಬಳಿ ಸರಿಯಬೇಕು, ದನಿಯ ಜಾಗ ಮಾತ್ರ ಅಲುಗಬಾರದು.

ಅರ್ಧ ಗಂಟೆಗಿಂತ ಜಾಸ್ತಿ ಕೂರಬೇಡಿ. ಕಿವಿ ಬಹಳ ಬೇಗ ಹೊಂದಿಕೊಳ್ಳುತ್ತದೆ. ಚುಚ್ಚುವ ಸದ್ದೂ ಹತ್ತು ನಿಮಿಷದಲ್ಲಿ ಸ್ಪಷ್ಟತೆ ಅನ್ನಿಸಲು ಶುರುವಾಗುತ್ತದೆ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ. ಏನು ಬದಲಿಸಿದಿರಿ, ಏನು ಕೇಳಿತು ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಾಳೆ ಬೆಳಗ್ಗೆ ಬೀದಿ ಸದ್ದು ಏಳುವ ಮುಂಚೆ ಅದನ್ನೇ ಮತ್ತೆ ಕೇಳಿ.

ಬಾಸ್ ಮತ್ತು ನಡುಪಟ್ಟಿ ಸೇರುವ ಜಾಗ

200 ಹರ್ಟ್ಜ್ ಹೆಂಗಸರ ಮಾತಿನ ಮೂಲ ಸ್ವರ ಇರುವ ಜಾಗ. ಗಂಡಸರದು ಅದಕ್ಕಿಂತ ಕೆಳಗೆ, 100ರಿಂದ 150ರ ಆಸುಪಾಸು. ಅದಕ್ಕೆ ಇಲ್ಲಿ ಎರಡೂ ದನಿ ಬೇಕು. ಗಂಡಸಿನ ದನಿ ಚೆನ್ನಾಗಿದ್ದು ಹೆಂಗಸಿನ ದನಿ ಮಾತ್ರ ಗಂಟಲು ಕಟ್ಟಿದ ಹಾಗಿದ್ದರೆ, ಗೋಡೆಯ ಪರೀಕ್ಷೆ ಮತ್ತೊಮ್ಮೆ ಮಾಡಿ. ಆಮೇಲೂ ಹಾಗೇ ಇದ್ದರೆ ಬಾಸ್ ಕಾಯಿಲನ್ನು ಹೆಚ್ಚಿಸಿ, ಬಾಸ್ ಪ್ಯಾನೆಲ್ ಬೇಗ ಹಿಂದೆ ಸರಿಯುತ್ತದೆ. ದನಿ ಬಡಕಲಾದರೆ ಕಾಯಿಲ್ ಕಡಿಮೆ ಮಾಡಿ.

ಕಾಯಿಲನ್ನು ಸ್ವಲ್ಪ ದೊಡ್ಡದೇ ಸುತ್ತಿಸಿ ಅಥವಾ ಕೊಳ್ಳಿ. ಸುತ್ತು ಬಿಚ್ಚುತ್ತಾ ಬಂದರೆ ಬೆಲೆ ಇಳಿಯುತ್ತದೆ. ನೂರಕ್ಕೆ ಎರಡು ಸುತ್ತು ಬಿಚ್ಚಿದರೆ ಬೆಲೆ ಸುಮಾರು ನೂರಕ್ಕೆ ನಾಲ್ಕು ಇಳಿಯುತ್ತದೆ. ಎರಡೂ ಸ್ಪೀಕರಿಗೆ ಸುತ್ತು ಎಣಿಸಿ ಒಂದೇ ಸಮ ಬಿಚ್ಚಿ, ಮೀಟರಿನಲ್ಲಿ ಸರಿ ನೋಡಿ. ಕಾಯಿಲನ್ನು ಕಬ್ಬಿಣದ ಸ್ಕ್ರೂನಿಂದ ಕೂರಿಸಬೇಡಿ, ಬೆಲೆಯೇ ಬದಲಾಗುತ್ತದೆ. ಎರಡು ಕಾಯಿಲ್ ಅಕ್ಕಪಕ್ಕ ಬರುವುದಿದ್ದರೆ ಒಂದನ್ನು ಮಲಗಿಸಿ, ಒಂದನ್ನು ನಿಲ್ಲಿಸಿ.

ಈ ಜಾಗಕ್ಕೆ ಮೃದಂಗವೂ ಒಳ್ಳೆಯ ಪರೀಕ್ಷೆ. ಎಡಗಡೆಯ ಗುಂಕಾರವೂ ಬಲಗಡೆಯ ಪೆಟ್ಟೂ ಒಂದೇ ವಾದ್ಯದಿಂದ ಬಂದ ಹಾಗೆ ಕೇಳಬೇಕು. ಆಮೇಲೆ ತಂಬೂರಿ. ಮೀಟಿದ ತಂತಿಯ ದನಿ ಮೇಲಕ್ಕೆ ಬಿಚ್ಚಿಕೊಳ್ಳುವಾಗ ಎಲ್ಲೂ ಮೆಟ್ಟಿಲು ಸಿಗಬಾರದು.

ಎಡ ಬಲ ಸರಿದೂಗಿಸಿ, ಬೆಸುಗೆ ಹಾಕಿ

ಒಂದು ಸ್ಪೀಕರ್ ಮುಗಿದ ಮೇಲೆ ಇನ್ನೊಂದಕ್ಕೆ ಅವೇ ಬೆಲೆಗಳನ್ನು ಹಾಕಿ. ಶೇಕಡಾ 1ಕ್ಕಿಂತ ಹೆಚ್ಚು ವ್ಯತ್ಯಾಸ ಬೇಡ. ಈಗ ಪಿಂಕ್ ನಾಯ್ಸ್ (ಎಲ್ಲ ಆವರ್ತನಗಳೂ ಬೆರೆತ, ಮಳೆಯಂಥ ಪರೀಕ್ಷಾ ಸದ್ದು) ಅನ್ನು ಮೋನೋದಲ್ಲಿ, ಅಂದರೆ ಎರಡೂ ಸ್ಪೀಕರಿಗೆ ಒಂದೇ ಸದ್ದು ಹೋಗುವ ಹಾಗೆ ಹಾಕಿ, ಎರಡರ ನಟ್ಟನಡುವೆ ಕೂತು ಕೇಳಿ. ಸದ್ದು ನಡುವಿನ ಒಂದು ಕಿರಿದಾದ ಜಾಗದಿಂದ ಬರಬೇಕು. 'ಸ್‌ಸ್' ಅನ್ನುವ ಭಾಗ ಮಾತ್ರ ಎಡಕ್ಕೆ ಎಳೆದರೆ ಬಲ ಟ್ವೀಟರ್ ಮಂಕಾಗಿದೆ. ಮೊದಲು ಅದರ ಫ್ಯೂಸ್ ಹೋಲ್ಡರ್ ಮತ್ತು ಸ್ಕ್ರೂಗಳನ್ನು ನೋಡಿ. ಆಮೇಲೆ ರೆಸಿಸ್ಟರ್.

ಹೀಗೆ ಒಂದೆರಡು ವಾರ ಸುಮ್ನೆ ಸಂಗೀತ ಕೇಳಿ. ಮತ್ತೆ ತಿದ್ದಬೇಕು ಅನ್ನಿಸದಿದ್ದರೆ ಒಳ್ಳೆಯ ಕೆಪಾಸಿಟರ್ ಕೊಂಡು ಬೆಸುಗೆ ಹಾಕಿ. 250 ವೋಲ್ಟ್‌ನದು ಧಾರಾಳ ಸಾಕು. ಕೊಂಡದ್ದನ್ನೂ ಅಳೆದೇ ಹಾಕಿ, ಕೊರತೆ ಇದ್ದರೆ ಪಕ್ಕದಲ್ಲಿ ಸಣ್ಣದೊಂದನ್ನು ಸೇರಿಸಿ ಹೊಂದಿಸಿ. ರೆಸಿಸ್ಟರ್ ಬಿಸಿಯಾಗುತ್ತದೆ. ಅದನ್ನು ಹಲಗೆಗೆ ಅಂಟಿಸದೆ ಒಂದು ಬೆರಳಿನಷ್ಟು ಎತ್ತರದಲ್ಲಿ, ಕೆಪಾಸಿಟರಿನಿಂದ ದೂರ ಕೂರಿಸಿ. ಬಿಚ್ಚಿದ ಹಳೆಯ ಭಾಗಗಳನ್ನು ಎಡ ಬಲ ಅಂತ ಚೀಟಿ ಹಚ್ಚಿ, ನೋಟ್‌ಬುಕ್ ಜೊತೆಗೇ ಒಂದು ಡಬ್ಬಿಯಲ್ಲಿಡಿ. ಸ್ಪೀಕರ್ ಮುಂದೆ ಯಾರ ಮನೆ ಸೇರಿದರೂ ಆ ಡಬ್ಬಿ ಅದರ ಜೊತೆ ಹೋಗಬೇಕು.